ಅಗುಳಿಯಿಲ್ಲದ ಬಾಗಿಲು

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡ ತಾಯಿತಂದೆಗಳಿಗೂ ಅವರ ಮನೆಯ ಹಿರಿಯರಿಗೂ,

ಮಾರ್ಚ್ ತಿಂಗಳು ಮುಗಿಯುತ್ತ ಬಂದಂತೆ, ಅತ್ತ ನಾವು ಯುಗಾದಿಯ ಬೇವುಬೆಲ್ಲ ಹಂಚಿಕೊಳ್ಳುವ ಹೊತ್ತಿಗೆ, ಇತ್ತ ವಿಶ್ವವಿದ್ಯಾನಿಲಯಗಳ ಪ್ರವೇಶಪತ್ರಗಳೂ ನಿರಾಕರಣಪತ್ರಗಳೂ ಒಂದರ ಹಿಂದೊಂದು ಮಕ್ಕಳ ಕೈ ಸೇರುತ್ತವೆಯಾದ್ದರಿಂದ, ಹಬ್ಬದೂಟದ ಪಂಕ್ತಿಯಲ್ಲಿ ಕುಳಿತವರು ಪಕ್ಕದವರನ್ನು ಮೊಟ್ಟಮೊದಲು ಕೇಳುವ ಪ್ರಶ್ನೆ ‘ನಿಮ್ಮ ಮಗನಿಗೆ ಎಲ್ಲಿ ಸೀಟು ಸಿಕ್ಕಿತು?’ ಎಂಬುದೇ ಆಗಿರುತ್ತದೆ. ಬರ್ಕ್ಲಿಯೆಂದೋ ಲಾಸ್ ಏಂಜಲೀಸ್ ಎಂದೋ ಉತ್ತರ ಕೊಡಬಲ್ಲವರ ಧ್ವನಿ ಪಂಕ್ತಿಯ ಕೊನೆಯವರೆಗೂ ಕೇಳಿಸುತ್ತದೆ. ಮಗನನ್ನೋ ಮಗಳನ್ನೋ ಊರಿನ ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಸೇರಿಸಲಿರುವ ತಂದೆಯಾದರೋ, ಎಲೆಯಲ್ಲಿರುವ ಕೋಸಂಬರಿಯನ್ನು ವಿನಾಕಾರಣ ಒತ್ತಟ್ಟಿಗೆ ಸರಿಸುತ್ತ, ‘ಇಲ್ಲೇ ಹತ್ತಿರದಲ್ಲಿ, ಸದ್ಯಕ್ಕೆ’ ಎಂದು ಮಾತನ್ನು ಮುಗಿಸಿಬಿಡುತ್ತಾರೆ. ಹಾಗೆ ಮಾತು ಮುಗಿಸುವವರ ಸಂಕೋಚವನ್ನು ಬಹುಕಾಲದಿಂದ ಕಾಣುತ್ತ ಬಂದವನು ನಾನು; ಅಂಥದೇ ಒಂದು ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿ ತಲೆ ನರೆಸಿಕೊಂಡವನೂ ಹೌದು. ಪಂಕ್ತಿಯಲ್ಲಿ ಕುಳಿತು ಆಡುವುದಕ್ಕೆ ಸಲ್ಲದ ಕೆಲವು ಮಾತುಗಳನ್ನು ನಿಮ್ಮೆಲ್ಲರಲ್ಲಿ ಒಟ್ಟಿಗೆ ಅರಿಕೆ ಮಾಡಿಕೊಳ್ಳುವುದು ಲೇಸೆಂದು ತೋರಿದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಈ ಸಂಕೋಚ ಅಮೆರಿಕದ ಮಣ್ಣಿನಲ್ಲಿ ಹುಟ್ಟಿದ್ದೆಂದು ನನಗೆ ತೋರುವುದಿಲ್ಲ. ಒಂದು ಸೀಟಿಗೆ ಹತ್ತಾರು ಕೈಗಳು ಚಾಚಿಕೊಂಡಿರುವ ನಾಡಿನಿಂದ, ಪಿ.ಯು.ಸಿ. ಅಂಕಪಟ್ಟಿಯೂ ಸಿ.ಇ.ಟಿ. ರ‍್ಯಾಂಕೂ ಮನೆತನದ ಮಾನಾಪಮಾನಗಳನ್ನು ನಿರ್ಣಯಿಸುತ್ತಿದ್ದ ವಾತಾವರಣದಿಂದ, ನಾವು ಹೊತ್ತು ತಂದ ಸಾಮಾನುಗಳಲ್ಲಿ ಇದೂ ಒಂದು. ಅಲ್ಲಿ ಕಾಲೇಜಿನ ಕೀರ್ತಿಯೆಂಬುದು ಅದು ಎಷ್ಟು ಮಂದಿಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಿತೆಂಬುದರ ಮೇಲೆ ನಿಂತಿತ್ತು. ಒಳಗೆ ಹೋದವನಿಗೆ ಏನನ್ನು ಕಲಿಸಿದರು, ಹೇಗೆ ಕಲಿಸಿದರು ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಅದೇ ಅಳತೆಗೋಲನ್ನು ಇಲ್ಲಿಯೂ ಹಿಡಿದರೆ, ಬಂದವರನ್ನೆಲ್ಲ ಸೇರಿಸಿಕೊಳ್ಳುವ ಕಾಲೇಜಿನ ಬೆಲೆ ಸೊನ್ನೆಯೆಂದು ಬರುವುದು ಸಹಜವೇ. ಆದರೆ ಆಯ್ದ ಮಕ್ಕಳನ್ನೇ ಒಳಗೆ ಬಿಟ್ಟುಕೊಳ್ಳುವ ಸಂಸ್ಥೆಗೆ ಆ ಮಕ್ಕಳ ಜಾಣತನವೇ ಅರ್ಧ ಕೀರ್ತಿಯನ್ನು ಗಳಿಸಿಕೊಡುತ್ತದೆ, ಯಾರನ್ನೂ ಹೊರಗಿಡದ ಸಂಸ್ಥೆಯಾದರೋ ಹೆಸರು ಸಂಪಾದಿಸಬೇಕಾದರೆ ಪಾಠ ಹೇಳಿಯೇ ಸಂಪಾದಿಸಬೇಕು, ಅದಕ್ಕೆ ಬೇರೆ ದಾರಿಯಿಲ್ಲ ಎಂಬುದನ್ನು ನೀವು ಒಂದು ಗಳಿಗೆ ಯೋಚಿಸಿ ನೋಡಬೇಕೆಂದು ನನ್ನ ಪ್ರಾರ್ಥನೆ.

ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕು. ಇಂದಿಗೂ ನಡೆಯುತ್ತಿರುವ ಇಂಥ ಎರಡು ವರ್ಷದ ಸಾರ್ವಜನಿಕ ಕಾಲೇಜುಗಳಲ್ಲೆಲ್ಲ ಹಿರಿಯದೆನಿಸಿದುದು ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬ ಊರಿನದು. 1901ರಲ್ಲಿ, ಆ ಊರಿನ ಹೈಸ್ಕೂಲಿನ ಮುಖ್ಯಸ್ಥನಾಗಿದ್ದ ಸ್ಟ್ಯಾನ್ಲಿ ಬ್ರೌನನೂ ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷನಾಗಿದ್ದ ವಿಲಿಯಂ ರೇನಿ ಹಾರ್ಪರನೂ ಕೂಡಿ ಆಲೋಚಿಸಿ ಅದನ್ನು ಆರಂಭಿಸಿದಾಗ ಅಲ್ಲಿದ್ದ ವಿದ್ಯಾರ್ಥಿಗಳು ಆರೇ ಮಂದಿ. ಹಾರ್ಪರ್ ಮಹಾಶಯನ ಉದ್ದೇಶ ಬಡಬಗ್ಗರ ಮೇಲಣ ಮರುಕವೇ ಎಂದು ಹೇಳಲಾಗದು. ಮೊದಲೆರಡು ವರ್ಷಗಳ ಪಾಠದ ಹೊರೆಯನ್ನು ಬೇರೆಯವರ ಹೆಗಲಿಗೆ ವರ್ಗಾಯಿಸಿದರೆ ವಿಶ್ವವಿದ್ಯಾನಿಲಯವು ನಿಶ್ಚಿಂತೆಯಿಂದ ಸಂಶೋಧನೆಯಲ್ಲಿ ತೊಡಗಬಹುದೆಂಬ ಲೆಕ್ಕಾಚಾರವೂ ಅವನಲ್ಲಿತ್ತು. ಒಳ್ಳೆಯ ಸಂಸ್ಥೆಗಳು ಹೀಗೆ ಬೆರಕೆ ಉದ್ದೇಶಗಳಿಂದ ಹುಟ್ಟುವುದು ಲೋಕದಲ್ಲಿ ಅಪರೂಪವೇನಲ್ಲ. ಕ್ಯಾಲಿಫೋರ್ನಿಯಾ 1907ರಲ್ಲಿಯೇ ಹೈಸ್ಕೂಲುಗಳು ಕಾಲೇಜುಮಟ್ಟದ ಪಾಠಗಳನ್ನು ನಡೆಸಬಹುದೆಂದು ಶಾಸನ ಮಾಡಿತು. 1910ರಲ್ಲಿ ದ್ರಾಕ್ಷಿತೋಟಗಳ ನಡುವಣ ಫ್ರೆಸ್ನೋ ಪಟ್ಟಣ ಆ ಶಾಸನವನ್ನು ಕಾರ್ಯಕ್ಕೆ ತಂದಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರು ಸರಕಾರದ ವೆಚ್ಚದಲ್ಲಿ ಓದಲು ಮುಂದಾದ ಮೇಲೆ, ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗವು 1947ರಲ್ಲಿ, ಮನೆಯಿಂದ ಹೋಗಿಬರುವಷ್ಟು ದೂರದಲ್ಲಿ ಎಲ್ಲರಿಗೂ ಕಾಲೇಜು ದೊರೆಯಬೇಕೆಂದು ಬಲವಾಗಿ ಹೇಳಿತು.

ಆದರೆ ನಮಗೆ ನೇರವಾಗಿ ಸಂಬಂಧಿಸಿದುದು 1960ರ ಕ್ಯಾಲಿಫೋರ್ನಿಯಾ ಉನ್ನತ ಶಿಕ್ಷಣದ ಮಹಾಯೋಜನೆ. ಕ್ಲಾರ್ಕ್ ಕೆರ್ ಮೊದಲಾದವರು ರೂಪಿಸಿದ ಆ ಯೋಜನೆಯ ಪ್ರಕಾರ, ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗದವರು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೂ, ಮೇಲಿನ ಮೂರನೆಯ ಒಂದು ಭಾಗದವರು ಸ್ಟೇಟ್ ಕಾಲೇಜುಗಳಿಗೂ ಅರ್ಹರು. ಕಲಿತು ಪ್ರಯೋಜನ ಪಡೆಯಬಲ್ಲ ಉಳಿದ ಎಲ್ಲರಿಗೂ ಎರಡು ವರ್ಷದ ಕಾಲೇಜುಗಳ ಬಾಗಿಲು ತೆರೆದಿರತಕ್ಕದ್ದು. ಅಲ್ಲಿ ಚೆನ್ನಾಗಿ ಓದಿದವರಿಗೆ ಮೂರನೆಯ ವರ್ಷಕ್ಕೆ ಮೇಲಿನ ಸಂಸ್ಥೆಗಳಲ್ಲಿ ಸ್ಥಳವಿರತಕ್ಕದ್ದು. ಹದಿನೇಳನೆಯ ವಯಸ್ಸಿನಲ್ಲಿ ಮಾಡಿದ ವಿಂಗಡಣೆಯನ್ನು ಇಪ್ಪತ್ತನೆಯ ವಯಸ್ಸಿನಲ್ಲಿ ತಿದ್ದಿಕೊಳ್ಳುವ ಅವಕಾಶವನ್ನು ಒಂದು ರಾಜ್ಯ ತನ್ನ ಶಾಸನದೊಳಗೇ ಬರೆದಿಟ್ಟುಕೊಂಡದ್ದು ಸಾಮಾನ್ಯವಾದ ಸಂಗತಿಯಲ್ಲ. 1984ರವರೆಗೆ ಈ ಕಾಲೇಜುಗಳಲ್ಲಿ ಈ ರಾಜ್ಯದವರಿಗೆ ಬೋಧನಾಶುಲ್ಕವೇ ಇರಲಿಲ್ಲ. ಇಂದು ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ಕುಪರ್ಟಿನೋದ ಡಿ ಆಂಜಾ, ಫ್ರಿಮಾಂಟಿನ ಒಲೋನಿ, ಸಾಂಟಾ ಕ್ಲಾರಾದ ಮಿಷನ್, ಲಿವರ್ಮೋರಿನ ಲಾಸ್ ಪೊಸಿಟಾಸ್: ನಿಮ್ಮಲ್ಲಿ ಬಹುಮಂದಿ ದಿನವೂ ಕೆಲಸಕ್ಕೆ ಹೋಗುವಾಗ ಇವುಗಳಲ್ಲಿ ಒಂದರ ಮುಂದೆಯೇ ಕಾರು ಓಡಿಸಿಕೊಂಡು ಹೋಗುತ್ತೀರಿ.

ಇನ್ನು ಒಳಗೆ ಬನ್ನಿ. ಸಂಜೆ ಆರೂವರೆಗೆ ಆರಂಭವಾಗುವ ತ್ರಿಕೋನಮಿತಿಯ ತರಗತಿಯಲ್ಲಿ ಮೂವತ್ತೈದು ನಲವತ್ತು ಮಂದಿ ಕುಳಿತಿರುತ್ತಾರೆ. ಹೈಸ್ಕೂಲನ್ನು ಈಚೆಗೆ ಮುಗಿಸಿದ ಹುಡುಗಿಯ ಪಕ್ಕದಲ್ಲಿ ಆಸ್ಪತ್ರೆಯ ಸಮವಸ್ತ್ರವನ್ನು ಇನ್ನೂ ಕಳಚದ ಹೆಂಗಸು, ಅವಳ ಹಿಂದೆ ಸೈನ್ಯದಿಂದ ಬಿಡುಗಡೆ ಹೊಂದಿದ ಯುವಕ, ಬಾಗಿಲ ಬಳಿಯ ಕುರ್ಚಿಯಲ್ಲಿ, ಮಗುವಿಗೆ ಜ್ವರವೆಂದು ಮನೆಯಿಂದ ಕರೆ ಬಂದೀತೆಂಬ ಆತಂಕದಿಂದ ಫೋನನ್ನು ಮಡಿಲಲ್ಲಿಟ್ಟುಕೊಂಡ ತಾಯಿ. ಇವರಲ್ಲಿ ಯಾರಿಗೆ ಭಿನ್ನರಾಶಿ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಮೊದಲ ದಿನ ಮೇಷ್ಟ್ರಿಗೆ ತಿಳಿಯದು. ಹೆಸರಾಂತ ವಿಶ್ವವಿದ್ಯಾನಿಲಯದಲ್ಲಿ ಮುನ್ನೂರು ಮಂದಿಯ ಮುಂದೆ ನಿಂತು ಉಪನ್ಯಾಸ ಮುಗಿಸಿ ಹೊರಡುವ ಪ್ರಾಧ್ಯಾಪಕನಿಗೆ, ಅರ್ಥವಾಗದವನು ತನ್ನ ಪಾಡನ್ನು ತಾನು ನೋಡಿಕೊಂಡಾನೆಂಬ ಭರವಸೆಯುಂಟು. ಇಲ್ಲಿಯ ಮೇಷ್ಟ್ರಿಗೆ ಆ ಭರವಸೆಯಿಲ್ಲ. ಒಂದು ವಿವರಣೆ ನಾಟದಿದ್ದರೆ ಎರಡನೆಯದನ್ನು, ಅದೂ ನಾಟದಿದ್ದರೆ ಮೂರನೆಯದನ್ನು ಹುಡುಕಬೇಕು. ಉತ್ತರಪತ್ರಿಕೆಗಳನ್ನು ತಿದ್ದುವುದಕ್ಕೆ ಸಹಾಯಕರಿಲ್ಲದ ಕಾರಣ, ಯಾರು ಯಾವ ಸಾಲಿನಲ್ಲಿ ಎಡವಿದರೆಂಬುದನ್ನು ಕಣ್ಣಾರೆ ಕಂಡು, ಮರುದಿನದ ಪಾಠವನ್ನು ಅದಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬೇಕು.

ಅಂಥದೊಂದು ತರಗತಿಯಲ್ಲಿ ನಾನು ಸೈನಿನ ವ್ಯುತ್ಕ್ರಮವಾದ ಕೋಸೀಕೆಂಟಿನ ಬೆಲೆಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ: ಮೂವತ್ತು ಡಿಗ್ರಿಗೆ 2, ನಲವತ್ತೈದಕ್ಕೆ 1.41, ಅರವತ್ತಕ್ಕೆ 1.15. ಹಿಂದಿನ ಸಾಲಿನಲ್ಲಿ ಅದುವರೆಗೆ ಬಾಯಿ ಬಿಡದೆ ಕುಳಿತಿದ್ದ, ನಲವತ್ತು ದಾಟಿದ ಒಬ್ಬ ಎಲೆಕ್ಟ್ರಿಷಿಯನ್ ಕೈಯೆತ್ತಿ, ಈ ಅಂಕೆಗಳನ್ನು ತನ್ನ ಬೆಂಡರಿನ ಮೇಲೆ ಕೆತ್ತಿದ್ದಾರೆಂದ. ನನಗೆ ಅರ್ಥವಾಗಲಿಲ್ಲ. ಮುಂದಿನ ತರಗತಿಗೆ ಅವನು ಆ ಉಪಕರಣವನ್ನೇ ಹೊತ್ತು ತಂದ. ತಂತಿಗಳನ್ನು ಒಳಗೆ ಹಾಯಿಸುವ ಲೋಹದ ಕೊಳವೆಯನ್ನು ತೊಲೆಯೊಂದಕ್ಕೆ ತಗಲದಂತೆ ಆರಂಗುಲ ಮೇಲೆತ್ತಿ ಮತ್ತೆ ನೇರಕ್ಕೆ ತರಬೇಕಾದರೆ ಅದನ್ನು ಎರಡು ಕಡೆ ಬಾಗಿಸಬೇಕು, ಮೂವತ್ತು ಡಿಗ್ರಿಯಂತೆ ಬಾಗಿಸುವುದಾದರೆ ಆರನ್ನು ಎರಡರಿಂದ ಗುಣಿಸಿ, ಹನ್ನೆರಡು ಅಂಗುಲದ ಅಂತರದಲ್ಲಿ ಗುರುತು ಹಾಕಬೇಕು, ನಲವತ್ತೈದಾದರೆ 1.4ರಿಂದ ಗುಣಿಸಬೇಕು. ಈ ಗುಣಕಗಳನ್ನು ಅವನು ಕಸುಬಿಗೆ ಸೇರಿದ ಹೊಸತರಲ್ಲಿಯೇ ಬಾಯಿಪಾಠ ಮಾಡಿದ್ದ. ಅವು ಎಲ್ಲಿಂದ ಬಂದುವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹತ್ತು ಡಿಗ್ರಿಗೆ ಗುಣಕ 6 ಎಂದು ಅವನ ಪಟ್ಟಿಯಲ್ಲಿತ್ತು. ನಿಜವಾದ ಬೆಲೆ 5.76. ಅದನ್ನು ಹಲಗೆಯ ಮೇಲೆ ಕಂಡೊಡನೆ ಅವನು ಕುರ್ಚಿಯಿಂದ ಎದ್ದು ನಿಂತ. ಹತ್ತು ಡಿಗ್ರಿಯ ಬಾಗುಗಳಲ್ಲಿ ಕೊಳವೆ ಬೇಕಾದುದಕ್ಕಿಂತ ಚೂರು ಹೆಚ್ಚಾಗಿ ಮೇಲೇರುತ್ತಿದ್ದುದನ್ನು ಅವನು ಇಷ್ಟು ವರ್ಷ ತನ್ನ ಕೈಯ ದೋಷವೆಂದೇ ಭಾವಿಸಿ, ಪ್ರತಿಸಲವೂ ಕಾಲಿನಿಂದ ಒತ್ತಿ ಸರಿಪಡಿಸಿಕೊಳ್ಳುತ್ತಿದ್ದನಂತೆ.

ಆ ದಿನ ತರಗತಿಗೆ ಪಾಠ ಹೇಳಿದವನು ಅವನೇ. ಬೆಂಡರಿನ ಮುಂದೆ ಗುಂಪುಗೂಡಿದ ಹದಿನೆಂಟರ ಹುಡುಗರಲ್ಲಿ, ಇಂಜಿನಿಯರಿಂಗ್ ಓದಲೆಂದು ಮೇಲಿನ ವಿಶ್ವವಿದ್ಯಾನಿಲಯಕ್ಕೆ ಹೋಗಲಿರುವವರೂ ಇದ್ದರು. ಸೂತ್ರವನ್ನು ಅರಿತವನಿಗೆ ಕೊಳವೆ ಗೊತ್ತಿಲ್ಲ, ಕೊಳವೆಯನ್ನು ಬಾಗಿಸುವವನಿಗೆ ಸೂತ್ರ ಗೊತ್ತಿಲ್ಲ ಎಂಬ ಸ್ಥಿತಿ ಆಧುನಿಕ ವಿದ್ಯಾಭ್ಯಾಸದ ದೊಡ್ಡ ಊನವೆಂದು ನಾನು ತಿಳಿದಿದ್ದೇನೆ. ಆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುವ ಕೋಣೆಗಳು ಬೇರೆಲ್ಲಿಯೂ ಇಷ್ಟು ಸುಲಭವಾಗಿ ದೊರೆಯಲಾರವು. ಒಂದೇ ವಯಸ್ಸಿನ, ಒಂದೇ ಬಗೆಯ ಮನೆಗಳಿಂದ ಬಂದ, ಒಂದೇ ಬಗೆಯ ಕೋಚಿಂಗ್ ಪಡೆದ ಮಕ್ಕಳ ನಡುವೆಯೇ ನಿಮ್ಮ ಮಗ ಬೆಳೆಯಬೇಕೆಂದು ನೀವು ಅಪೇಕ್ಷಿಸುವುದೇಕೆಂದು ನನಗೆ ಇನ್ನೂ ಬಗೆಹರಿದಿಲ್ಲ. ದಿನವೆಲ್ಲ ದುಡಿದು, ಹೊಟ್ಟೆಬಟ್ಟೆ ಕಟ್ಟಿ ಶುಲ್ಕ ತೆತ್ತು, ಸಂಜೆ ಬಂದು ಮುಂದಿನ ಸಾಲಿನಲ್ಲಿ ಕೂರುವ ಹೆಂಗಸನ್ನು ನೋಡಿದ ಹದಿನೆಂಟರ ಹುಡುಗ, ಕಾಲೇಜೆಂಬುದು ಹೈಸ್ಕೂಲಿನ ಮುಂದುವರಿದ ಭಾಗವಲ್ಲವೆಂಬುದನ್ನು ಒಂದೇ ವಾರದಲ್ಲಿ ಅರಿತುಕೊಳ್ಳುತ್ತಾನೆ.

ಹಣದ ಮಾತು ಬೇಗ ಮುಗಿಯುತ್ತದೆ. ಈ ರಾಜ್ಯದ ನಿವಾಸಿಗಳಿಗೆ ಯೂನಿಟ್ ಒಂದಕ್ಕೆ 46 ಡಾಲರ್; ಸೆಮಿಸ್ಟರ್ ಪದ್ಧತಿಯ ಕಾಲೇಜಿನಲ್ಲಿ ಎರಡು ವರ್ಷದ ಅರವತ್ತು ಯೂನಿಟ್ಟುಗಳಿಗೆ ಒಟ್ಟು 2,760 ಡಾಲರ್ ಆಗುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷದ ಶುಲ್ಕವೇ 14,000 ಡಾಲರನ್ನು ಮೀರುತ್ತದೆ. ಊಟ ವಸತಿಗಳ ಲೆಕ್ಕ ಬೇರೆ. ಸಾಫ್ಟ್‌ವೇರ್ ಸಂಬಳವುಳ್ಳ ನಿಮ್ಮಲ್ಲಿ ಕೆಲವರಿಗೆ ಈ ಅಂತರ ದೊಡ್ಡದೆನಿಸದಿರಬಹುದು. ಕೆಲಸ ಹೋದ ಮೇಲೆ, ಮನೆಯ ಸಾಲದ ಕಂತುಗಳ ನಡುವೆ, ಇದನ್ನೇ ಕಣ್ಣಿಗೊತ್ತಿಕೊಂಡ ಮನೆಗಳನ್ನೂ ನಾನು ಬಲ್ಲೆ.

ಮೇಲಿನ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗುವ ದಾರಿಯ ವಿಚಾರದಲ್ಲಿ ಮಾತ್ರ ನಿಮಗೆ ಹೂವೆತ್ತಿದಂತೆ ಎಲ್ಲವೂ ಸುಲಭವೆಂದು ಹೇಳಿದರೆ ನಾನು ಮೋಸಗಾರನಾದೇನು. ದಾರಿ ಇರುವುದು ನಿಜ: ಆಗಿನ ಸ್ಟೇಟ್ ಕಾಲೇಜುಗಳೇ ಆಗಿರುವ ಇಂದಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪದವಿ ಪಡೆಯುವವರಲ್ಲಿ ಸುಮಾರು ಅರ್ಧದಷ್ಟು ಮಂದಿ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಪಡೆಯುವವರಲ್ಲಿ ಕಾಲುಭಾಗಕ್ಕೂ ಮಿಕ್ಕವರು ಈ ಕಾಲೇಜುಗಳಲ್ಲಿ ಓದಿ ಹೋದವರೇ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಎಂಬ ಆರು ಶಾಖೆಗಳು, ಗೊತ್ತಾದ ಪಾಠಗಳನ್ನು ಗೊತ್ತಾದ ಅಂಕಗಳೊಡನೆ ಮುಗಿಸಿದವರಿಗೆ ಸ್ಥಳವನ್ನು ಮುಂಚಿತವಾಗಿಯೇ ಖಾತರಿಪಡಿಸುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋಗಳು ಆ ಖಾತರಿಯನ್ನು ಕೊಡುವುದಿಲ್ಲ. ಕೊಡುವ ಶಾಖೆಗಳಲ್ಲಿಯೂ ಕೆಲವು ವಿಷಯಗಳು, ವಿಶೇಷವಾಗಿ ನೀವೆಲ್ಲ ಕಣ್ಣಿಟ್ಟಿರುವ ಕಂಪ್ಯೂಟರ್ ಸೈನ್ಸ್, ಹಲವೆಡೆ ಹೊರಗುಳಿದಿವೆ. ಯಾವ ಪಾಠ ಎಲ್ಲಿ ಯಾವುದಕ್ಕೆ ಸಮವೆಂಬುದನ್ನು ತಿಳಿಸುವ ‘ಅಸಿಸ್ಟ್’ ಎಂಬ ಸಾರ್ವಜನಿಕ ಪಟ್ಟಿಯನ್ನು ಮೊದಲ ಸೆಮಿಸ್ಟರಿನಲ್ಲೇ ನೋಡಿಕೊಂಡು, ಕೌನ್ಸೆಲರನ್ನು ಕಂಡು, ಎರಡು ವರ್ಷದ ನಕ್ಷೆ ಹಾಕಿಕೊಳ್ಳದ ಹುಡುಗ ಮೂರನೆಯ ವರ್ಷವನ್ನೂ ಇಲ್ಲಿಯೇ ಕಳೆಯುತ್ತಾನೆ. ಎರಡು ವರ್ಷ ಕಳೆದರೆ ಸಾಕು, ಪದವಿಪತ್ರದ ಮೇಲೆ ದೊಡ್ಡ ವಿಶ್ವವಿದ್ಯಾನಿಲಯದ ಹೆಸರೊಂದೇ ಇರುತ್ತದಲ್ಲವೇ ಎಂದು ನೀವು ಸಮಾಧಾನ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಇರುತ್ತದೆ, ನಿಜ, ಆದರೆ ಬೀಜಗಣಿತವನ್ನು ತಿದ್ದಿಕೊಟ್ಟವರ ಹೆಸರನ್ನು ಅಳಿಸಿಹಾಕುವುದೇ ಸಮಾಧಾನವೆನಿಸುವುದು ನನಗೆ ಹಿಡಿಸದ ಮಾತು.

ಇಂಥ ಕಾಲೇಜುಗಳಲ್ಲಿ ಓದಿ ಲೋಕವಿಖ್ಯಾತರಾದವರ ಮಾಲೆ ಕಟ್ಟುವುದೂ ನನಗೆ ಅಷ್ಟು ಒಗ್ಗದ ಕೆಲಸ. ಆದರೂ ನೀವು ಕೇಳಿಯೇ ಕೇಳುವಿರೆಂದು ಎರಡು ಹೆಸರು ಹೇಳುತ್ತೇನೆ. ಮಾನವ ಜೀನೋಮಿನ ಲಿಪಿಯನ್ನು ಓದಿದವರಲ್ಲಿ ಒಬ್ಬನಾದ ಕ್ರೇಗ್ ವೆಂಟರ್, ಹೈಸ್ಕೂಲಿನಲ್ಲಿ ಹಿಂದುಳಿದು, ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಮರಳಿ ಬಂದ ಮೇಲೆ, ತನ್ನ ಕಾಲೇಜು ವಿದ್ಯಾಭ್ಯಾಸವನ್ನು ತೊಡಗಿದ್ದು ನಮ್ಮ ನೆರೆಯ ಕಾಲೇಜ್ ಆಫ್ ಸ್ಯಾನ್ ಮಟೇಯೋದಲ್ಲಿ. 1999ರಲ್ಲಿ ಅಮೆರಿಕದ ಸ್ಪೇಸ್ ಷಟಲ್ ನೌಕೆಯ ಮೊದಲ ಮಹಿಳಾ ಕಮಾಂಡರ್ ಆದ ಐಲೀನ್ ಕಾಲಿನ್ಸ್ ಮೊದಲೆರಡು ವರ್ಷ ಓದಿದ್ದು ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಮ್ಯುನಿಟಿ ಕಾಲೇಜಿನಲ್ಲಿ. ಆದರೆ ನಿಮ್ಮ ತಾಯಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ನರ್ಸು, ಕಾಳ್ಗಿಚ್ಚು ಮನೆಯ ಬೇಲಿಯವರೆಗೆ ಬಂದಾಗ ನೀರಿನ ಕೊಳವೆ ಹಿಡಿದು ನಿಂತ ಅಗ್ನಿಶಾಮಕ ದಳದವನು, ಇಂಥವರಲ್ಲಿ ಬಹುಪಾಲು ಮಂದಿ ತರಬೇತಾದದ್ದು ಇಂಥ ಕಾಲೇಜುಗಳಲ್ಲಿಯೇ ಎಂಬುದು ನನ್ನ ಮನಸ್ಸಿನಲ್ಲಿ ಹೆಚ್ಚು ತೂಗುತ್ತದೆ.

ದೋಷಗಳನ್ನೂ ಮುಚ್ಚಿಡಬಾರದು. ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞ ಸ್ಯಾನ್ ಹೋಸೆಯ ಕಾಲೇಜನ್ನೇ ಹತ್ತಿರದಿಂದ ಪರಿಶೀಲಿಸಿ, 1960ರಲ್ಲಿ ಒಂದು ಕಟುವಾದ ವಿಚಾರವನ್ನು ಮುಂದಿಟ್ಟ: ಬಾಗಿಲನ್ನು ತೆರೆದಿಟ್ಟ ಸಂಸ್ಥೆ, ವಿಶ್ವವಿದ್ಯಾನಿಲಯದ ಆಸೆ ಹೊತ್ತು ಬಂದವನಿಗೆ ‘ಇಲ್ಲ’ವೆಂದು ಎಂದೂ ಹೇಳದೆ, ಪರೀಕ್ಷೆಗಳಿಂದಲೂ ಸಲಹೆಗಳಿಂದಲೂ ಅವನ ಆಸೆಯನ್ನು ಮೆಲ್ಲಮೆಲ್ಲನೆ ತಣ್ಣಗಾಗಿಸಿ, ತಾನಾಗಿಯೇ ಹಿಂಜರಿದೆನೆಂದು ಅವನು ನಂಬುವಂತೆ ಮಾಡುತ್ತದೆ. ಈ ಆಪಾದನೆಯನ್ನು ನಾನು ಯೌವನದಲ್ಲಿ ಓದಿದಾಗ ಸಿಟ್ಟುಗೊಂಡೆ. ಈಗ ಅದರಲ್ಲಿ ಸತ್ಯಾಂಶವಿತ್ತೆಂದು ಒಪ್ಪುತ್ತೇನೆ. ಪ್ರವೇಶದ ವೇಳೆ ಒಂದು ಪರೀಕ್ಷೆ ಕೊಟ್ಟು, ಅದರಲ್ಲಿ ಸೋತವರನ್ನು ಪದವಿಗೆ ಲೆಕ್ಕವಾಗದ ಗಣಿತದ ಪಾಠಗಳಿಗೆ ಒಂದರ ಹಿಂದೊಂದು ತಳ್ಳುತ್ತಿದ್ದ ಪದ್ಧತಿಯಲ್ಲಿ, ಮೂರು ಮೆಟ್ಟಿಲು ಕೆಳಗೆ ನಿಂತವರು ಮೇಲಿನ ಮೆಟ್ಟಿಲನ್ನು ತಲಪುತ್ತಿದ್ದುದು ತೀರ ವಿರಳ. 2017ರಲ್ಲಿ ಶಾಸನವೊಂದು ಆ ಪದ್ಧತಿಗೆ ಬಹುಮಟ್ಟಿಗೆ ತೆರೆಯೆಳೆದು, ವಿದ್ಯಾರ್ಥಿಗಳನ್ನು ನೇರವಾಗಿ ಕಾಲೇಜುಮಟ್ಟದ ಗಣಿತಕ್ಕೆ ಸೇರಿಸಬೇಕೆಂದಿತು. ನನ್ನ ಸಹೋದ್ಯೋಗಿಗಳಲ್ಲಿ ಎಷ್ಟೋ ಮಂದಿ ಅದನ್ನು ವಿರೋಧಿಸಿದರು. ಉದ್ದೇಶ ನ್ಯಾಯವಾದುದೆಂದೂ, ಆದರೆ ಭಿನ್ನರಾಶಿ ಬಾರದವನನ್ನು ಕಲನಶಾಸ್ತ್ರದ ಹೊಸ್ತಿಲಲ್ಲಿ ನಿಲ್ಲಿಸಿ ಅವನ ಪಕ್ಕದಲ್ಲಿ ನಿಲ್ಲಲು ಯಾರನ್ನೂ ಗೊತ್ತುಮಾಡದಿದ್ದರೆ ಅದೂ ಬೇರೊಂದು ಬಗೆಯ ತಣ್ಣಗಾಗಿಸುವಿಕೆಯೇ ಎಂದೂ ನನ್ನ ಅಭಿಪ್ರಾಯ.

ಇನ್ನೊಂದು ದೋಷ ಮೇಷ್ಟ್ರುಗಳಿಗೆ ಸಂಬಂಧಿಸಿದುದು. ಪೂರ್ಣಾವಧಿಯ ಅಧ್ಯಾಪಕರು ಪಾಠದ ವೇಳೆಯಲ್ಲಿ ಮುಕ್ಕಾಲು ಪಾಲನ್ನು ನಿರ್ವಹಿಸಬೇಕೆಂಬ ಗುರಿಯನ್ನು 1988ರ ಶಾಸನವೇ ಹಾಕಿಕೊಟ್ಟಿದ್ದರೂ, ಇಂದು ತಲೆಲೆಕ್ಕದಲ್ಲಿ ಹೆಚ್ಚಿನವರು ಅರೆಕಾಲಿಕರು. ಒಂದು ಕಾಲೇಜು-ಜಿಲ್ಲೆಯಲ್ಲಿ ಪೂರ್ಣ ಹೊರೆಯ 67 ಪ್ರತಿಶತಕ್ಕಿಂತ ಹೆಚ್ಚು ಪಾಠವನ್ನು ಅವರಿಗೆ ಕೊಡುವಂತಿಲ್ಲವಾದ್ದರಿಂದ, ಹೊಟ್ಟೆಪಾಡಿಗೆ ಎರಡು ಮೂರು ಜಿಲ್ಲೆಗಳ ಕಾಲೇಜುಗಳಿಗೆ ಕಾರಿನಲ್ಲಿ ಅಲೆಯುತ್ತಾರೆ. ಇವರಿಗೆ ಇಲ್ಲಿ ‘ಫ್ರೀವೇ ಫ್ಲೈಯರ್’ ಎಂಬ ಅಡ್ಡಹೆಸರೇ ಇದೆ. ನಾನೂ ಕೆಲವು ಕಾಲ ಹಾಗೆ ಅಲೆದವನು. ಆಗ ಕಾರಿನ ಡಿಕ್ಕಿಯೇ ನನ್ನ ಕಚೇರಿ: ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬೆಳಗಿನ ಕಾಲೇಜಿನ ಉತ್ತರಪತ್ರಿಕೆಗಳು, ಇನ್ನೊಂದರಲ್ಲಿ ಸಂಜೆಯದರವು, ನಡುವೆ ಚಿತ್ರಾನ್ನದ ಡಬ್ಬಿ. ಸಂದೇಹ ಕೇಳಬಂದ ವಿದ್ಯಾರ್ಥಿನಿಗೆ ಪಾರ್ಕಿಂಗ್ ಜಾಗದ ದೀಪದ ಕೆಳಗೆ, ಬಾನೆಟ್ಟಿನ ಮೇಲೆ ಕಾಗದ ಹರವಿ, ಲಾಗರಿದಮ್ ಹೇಳಿಕೊಟ್ಟದ್ದುಂಟು. ಒಂದು ಸೆಮಿಸ್ಟರ್ ಆರಂಭವಾಗುವುದಕ್ಕೆ ಎರಡು ದಿನ ಮುಂಚೆ, ಪೂರ್ಣಾವಧಿಯವರೊಬ್ಬರಿಗೆ ಬೇಕಾಯಿತೆಂದು ನನ್ನ ತರಗತಿಯನ್ನು ತೆಗೆದುಕೊಂಡರು. ಕಾರಣ ಕೇಳಿದ್ದಕ್ಕೆ ಒಂದು ಸಾಲಿನ ಇಮೇಲ್ ಬಂತು. ಬೋಧನೆಯೇ ತನ್ನ ಸರ್ವಸ್ವವೆಂದು ಹೇಳಿಕೊಳ್ಳುವ ಸಂಸ್ಥೆ ಬೋಧಕನನ್ನು ಹೀಗೆ ನಡೆಸಿಕೊಳ್ಳುವುದು ಸಲ್ಲದು.

ಹೀಗಿದ್ದೂ ಈ ಕೆಲಸದಲ್ಲಿ ಗೌರವವೇನುಂಟೆಂದು ನೀವು ಕೇಳಬಹುದು. ನಮ್ಮವರಿಗೆ ಇದು ಅಪರಿಚಿತವಾಗಬೇಕಾದ ಗೌರವವಲ್ಲ. ಬೆಂಗಳೂರಿನಲ್ಲಿ ಎಚ್.ಎ.ಎಲ್., ಎಚ್.ಎಂ.ಟಿ. ಕಾರ್ಖಾನೆಗಳ ಪಾಳಿ ಮುಗಿಸಿ ಸಂಜೆ ಕಾಲೇಜಿಗೆ ಸೈಕಲ್ ತುಳಿದವರು ನಿಮ್ಮಲ್ಲಿ ಎಷ್ಟೋ ಮಂದಿಯ ತಂದೆಯೋ ಸೋದರಮಾವನೋ ಆಗಿದ್ದಾರು. ಅವರಿಗಿಂತ ಹಿಂದಿನವರು ಮೈಸೂರಿನಲ್ಲಿ ವಾರಾನ್ನದ ಮನೆಗಳಲ್ಲಿ ಉಂಡು ಓದಿದರು. ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು, ಇಲ್ಲಿಯೇ ನಿಲ್ಲದೆ, ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಮರಳಿ, ಅಲ್ಲಿಯ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬಾಳಿ, ಗೌರಿಬಿದನೂರು ಬಾಗೇಪಲ್ಲಿಗಳಂಥ ಊರುಗಳಿಗೂ ಕಾಲೇಜನ್ನು ಕೊಂಡೊಯ್ದರು. ಪಾಠವನ್ನು ಊರಿನ ಬಾಗಿಲಿಗೆ ಒಯ್ಯುವವನು ಸಂಶೋಧಕನಿಗಿಂತ ಕೀಳೆಂದು ಅವರ ಎದುರು ಯಾರೂ ಹೇಳಿರಲಾರರು. ಈ ದೇಶದಲ್ಲಿಯೂ, ಉಪಾಧ್ಯಕ್ಷರ ಪತ್ನಿಯಾಗಿದ್ದಾಗಲೂ ಅಧ್ಯಕ್ಷರ ಪತ್ನಿಯಾಗಿದ್ದಾಗಲೂ ಜಿಲ್ ಬೈಡನ್ ನಾರ್ದರ್ನ್ ವರ್ಜೀನಿಯಾ ಕಮ್ಯುನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವುದನ್ನು ಬಿಡಲಿಲ್ಲ.

ಇದುವರೆಗೆ ಮಕ್ಕಳ ಮಾತಾಯಿತು. ಇನ್ನು ನಿಮ್ಮ ಮಾತು. ಪತಿಯ ಉದ್ಯೋಗದ ನಿಮಿತ್ತ ಅವಲಂಬಿತರ ವೀಸಾದ ಮೇಲೆ ಬಂದು, ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಪಡೆದ ಬಿ.ಎಸ್‌ಸಿ.ಯನ್ನು ಸೂಟ್‌ಕೇಸಿನ ತಳದಲ್ಲಿಟ್ಟು, ಅಪಾರ್ಟ್‌ಮೆಂಟಿನ ಕಿಟಕಿಯ ಬಳಿ ವರ್ಷಗಳನ್ನು ಕಳೆಯುತ್ತಿರುವ ಹೆಣ್ಣುಮಕ್ಕಳಿಗೆ ಆ ವೀಸಾ ಉದ್ಯೋಗವನ್ನು ತಡೆದರೂ ಓದನ್ನು ತಡೆಯುವುದಿಲ್ಲ. ಈ ರಾಜ್ಯದ ಶಿಶುವಿಹಾರಗಳಲ್ಲಿ ಶಿಕ್ಷಕಿಯಾಗಲು ಬಾಲಶಿಕ್ಷಣದ ಹನ್ನೆರಡು ಯೂನಿಟ್ಟುಗಳು ಬೇಕು. ಅವನ್ನು ಸಂಜೆಯ ತರಗತಿಗಳಲ್ಲಿ ಮುಗಿಸಿಟ್ಟುಕೊಂಡು, ಉದ್ಯೋಗದ ಪರವಾನಗಿ ಬಂದ ವಾರದಲ್ಲಿಯೇ ಕೆಲಸಕ್ಕೆ ಸೇರಿದ ಒಬ್ಬ ತಂಗಿಯನ್ನು ನಾನು ಬಲ್ಲೆ. ಅವಳು ಮೊದಲ ಪ್ರಬಂಧದಲ್ಲಿ ತನ್ನ ಅಜ್ಜಿ ಹೇಳಿಕೊಟ್ಟ ಶಿಶುಪ್ರಾಸಗಳು ಮಕ್ಕಳ ನಾಲಿಗೆಯನ್ನು ಹೇಗೆ ತಿದ್ದುತ್ತವೆಂದು ಬರೆದಳಂತೆ; ಅಧ್ಯಾಪಕಿ ಅದನ್ನು ತರಗತಿಯಲ್ಲಿ ಓದಿಸಿದರಂತೆ. ಆರು ತಿಂಗಳ ಮಟ್ಟಿಗೆ ಮೊಮ್ಮಕ್ಕಳನ್ನು ನೋಡಲು ಬರುವ ಹಿರಿಯರ ವೀಸಾ ಬೇರೆ ಬಗೆಯದು, ಅದು ಓದಿಗೆ ಒದಗದು. ಇಲ್ಲಿಯೇ ನೆಲೆಸಿರುವ ಹಿರಿಯರಿಗೆ ಮಾತ್ರ ಶುಲ್ಕವಿಲ್ಲದ ಇಂಗ್ಲಿಷ್ ತರಗತಿಗಳು ಹಲವು ಕಡೆ ಉಂಟು. ಮಗನ ಮನೆಯಲ್ಲಿ ಬೇಸರದಿಂದ ಬೇಯುವುದಕ್ಕಿಂತ ಅಲ್ಲಿ ಹೋಗಿ ಒಬ್ಬ ಮೆಕ್ಸಿಕೋದ ಅಜ್ಜಿಯೊಡನೆ ಮುರುಕು ಇಂಗ್ಲಿಷಿನಲ್ಲಿ ಮೆಣಸಿನಕಾಯಿಯ ಬೆಲೆ ಚರ್ಚಿಸುವುದು ವಾಸಿ.

ಎಂ.ಎಸ್‌ಸಿ.ಯನ್ನೋ ಪಿಎಚ್.ಡಿ.ಯನ್ನೋ ಪಡೆದು, ಕಂಪನಿಗಳ ಕೆಲಸದಲ್ಲಿ ಬೇಸತ್ತಿರುವ, ಒಳಗೊಳಗೇ ಪಾಠ ಹೇಳುವ ಆಸೆಯಿರುವ ನಿಮ್ಮಂಥವರಿಗೆ ಕೊನೆಯದಾಗಿ ಎರಡು ಮಾತು. ಈ ಕಾಲೇಜುಗಳು ಅಧ್ಯಾಪಕನಿಂದ ಅಪೇಕ್ಷಿಸುವುದು ಸಾಮಾನ್ಯವಾಗಿ ಆಯಾ ವಿಷಯದ ಸ್ನಾತಕೋತ್ತರ ಪದವಿಯನ್ನು. ಮೈಸೂರಿನ, ಧಾರವಾಡದ ಪದವಿಯಾದರೆ ಅದರ ಸಮಾನತೆಯನ್ನು ದೃಢಪಡಿಸುವ ವರದಿಯೊಂದನ್ನು ಮಾಡಿಸಬೇಕಾಗುತ್ತದೆ. ಅರೆಕಾಲಿಕರ ಪಾಡನ್ನು ಇಷ್ಟೆಲ್ಲ ದೂರಿದವನು ನಿಮ್ಮನ್ನು ಅದಕ್ಕೇ ಕರೆಯುವುದು ವಿಚಿತ್ರವಾಗಿ ತೋರಬಹುದು. ಆದರೆ ಬೇರೆ ಸಂಬಳವಿರುವವರು ಸಂಜೆಯ ಒಂದು ತರಗತಿಯನ್ನು ವಹಿಸಿಕೊಂಡರೆ ಆ ಪಾಡು ಅವರನ್ನು ಅಷ್ಟಾಗಿ ತಟ್ಟದು. ಮೊದಲು ಕಾಲೇಜಿನ ಟ್ಯುಟೋರಿಂಗ್ ಕೇಂದ್ರದಲ್ಲಿ ವಾರಕ್ಕೆ ಎರಡು ಗಂಟೆ ಕುಳಿತು ನೋಡಿ. ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸುವಾಗ ತಿರುಗಿಸಿ ಗುಣಿಸುವುದೇಕೆಂದು ಐವತ್ತರ ಹೆಂಗಸೊಬ್ಬಳು ಕೇಳಿದಾಗ, ‘ನಿಯಮ ಹಾಗಿದೆ’ ಎನ್ನದೆ ಉತ್ತರ ಹೇಳುವುದಕ್ಕೆ ನಿಮಗೆ ತಾಳ್ಮೆಯಿದೆಯೇ ಎಂಬುದು ಅಲ್ಲಿಯೇ ತಿಳಿದುಹೋಗುತ್ತದೆ. ಇದೆಯೆಂದು ಕಂಡುಬಂದರೆ ಅರ್ಜಿ ಹಾಕಿ. ನಮ್ಮ ವಿಭಾಗದಲ್ಲಿ ಬರುವ ಆಗಸ್ಟಿನ ಸೆಮಿಸ್ಟರಿಗೆ ಸಂಜೆಯ ಎರಡು ಬೀಜಗಣಿತದ ತರಗತಿಗಳಿಗೆ ಇನ್ನೂ ಮೇಷ್ಟ್ರು ಗೊತ್ತಾಗಿಲ್ಲ.

ಇಂತು ನಿಮ್ಮ ವಿಶ್ವಾಸಿ,
ಒಬ್ಬ ಗಣಿತದ ಮೇಷ್ಟ್ರು